ಕೆಳಗಿನ ಮಹಡಿ ಪುಕ್ಕಟೆ, ಮೇಲಿನದಲ್ಲ

ಹೋದ ವಾರ ಇಲ್ಲೇ ಇಂಗ್ಲೆಂಡಿನಲ್ಲಿರುವ ಹೊಸನಗರದ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಅಮ್ಮ ಆರು ತಿಂಗಳಿಗೆ ಬರ್ತಿದಾರೆ. ಇಲ್ಲಿ ಆಸ್ಪತ್ರೆ ಪುಕ್ಕಟೆ ಅಲ್ವಾ, ಇನ್ಶೂರೆನ್ಸ್ ಯಾಕೆ ದಂಡಕ್ಕೆ?" ಅಪ್ಪಯ್ಯನನ್ನು ಇಂಗ್ಲೆಂಡಿಗೆ ಕರೆಸಿಕೊಂಡಾಗ ನಾನೂ ಇದೇ ಮಾತನ್ನು ಇಷ್ಟೇ ಧೈರ್ಯದಿಂದ ಹೇಳಿದ್ದೆ. ವೀಸಾ ಫಾರ್ಮು, ಸ್ವೆಟರು, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟುವ ರೀತಿ ಎಲ್ಲ ನಿಮಗೆ ಗೊತ್ತಿದೆ, ಅದು ಬೇಡ.

ನಾವು ಕೆಲಸದ ವೀಸಾದವರು ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿ ಬಂದಿರುತ್ತೇವೆ. ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮ ಕಟ್ಟಿರುವುದಿಲ್ಲ. ಆದರೂ ಜಿಪಿ, ಅಂದರೆ ಮನೆ ಹತ್ತಿರದ ಮಾಮೂಲಿ ಡಾಕ್ಟರ ಬಳಿ ತಾತ್ಕಾಲಿಕವಾಗಿ ಹೆಸರು ಬರೆಸಿ ತೋರಿಸಬಹುದು, ದುಡ್ಡಿಲ್ಲ. ಎ ಅಂಡ್ ಇ, ಅಂದರೆ ತುರ್ತು ವಿಭಾಗಕ್ಕೂ ದುಡ್ಡಿಲ್ಲ. ಇಷ್ಟು ಕೇಳಿದ ಮೇಲೆ ಯಾರಿಗಾದರೂ ಎಲ್ಲವೂ ಪುಕ್ಕಟೆ ಅನ್ನಿಸಿಬಿಡುತ್ತದೆ.

ಜನವರಿಯ ಒಂದು ಸಂಜೆ ಅಪ್ಪಯ್ಯನಿಗೆ ಎದೆ ಹಿಡಿದುಕೊಂಡಿತು. ತುರ್ತು ವಿಭಾಗದಲ್ಲಿ ಇಸಿಜಿ, ರಕ್ತಪರೀಕ್ಷೆ ಎಲ್ಲ ಆಯಿತು, ಯಾರೂ ಪೈಸೆ ಕೇಳಲಿಲ್ಲ. "ಊರಲ್ಲಾಗಿದ್ದರೆ ಈ ಹೊತ್ತಿಗೆ ಆಗುಂಬೆ ಘಾಟಿ ಇಳೀತಾ ಇರ್ತಿದ್ವಿ, ಮಣಿಪಾಲಕ್ಕೆ" ಅಂತ ಅಪ್ಪಯ್ಯ ಮಲಗಿದಲ್ಲೇ ನಕ್ಕರು. ನಡುರಾತ್ರಿ ಅವರನ್ನು ಲಿಫ್ಟಿನಲ್ಲಿ ಮೇಲಿನ ವಾರ್ಡಿಗೆ ಸಾಗಿಸಿದರು. ಅಡ್ಮಿಟ್ ಆದ ಆ ಗಳಿಗೆಗೇ ಮೀಟರ್ ಶುರುವಾಗಿತ್ತು. ನನಗೆ ಗೊತ್ತಾಗಿದ್ದು ಮರುದಿನ, ಫೈಲು ಹಿಡಿದು ಬಂದ ಒಬ್ಬರು ಪಾಸ್‌ಪೋರ್ಟ್ ಕೇಳಿದಾಗ. ಹೊರದೇಶದ ವಿಸಿಟರ್‌ಗಳಿಗೆ ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ತನ್ನ ಮಾಮೂಲಿ ದರದ 150% ಹಾಕುತ್ತದೆ. ನಾಲ್ಕು ರಾತ್ರಿ, ಒಂದು ಆಂಜಿಯೋಗ್ರಾಮ್, ಬಿಲ್ಲು ಆರು ಸಾವಿರ ಪೌಂಡ್ ದಾಟಿತು.

ಇನ್ಶೂರೆನ್ಸ್ ಇರಲಿಲ್ಲವೇ? ಇತ್ತು, ಹೆಂಡತಿಯ ಕಾಟಕ್ಕೆ ಮಾಡಿಸಿದ ಅಗ್ಗದ್ದು. ಶಿವಮೊಗ್ಗದಲ್ಲಿ ಏಜೆಂಟರ ಎದುರು ಕೂತು, ಮೊದಲಿನಿಂದ ಕಾಯಿಲೆ ಏನಾದರೂ ಇದೆಯಾ ಎಂಬಲ್ಲಿ "ಇಲ್ಲ" ಎಂದು ಗುರುತು ಹಾಕಿದ್ದೆ, ಪ್ರೀಮಿಯಂ ಇಳಿಯಲಿ ಅಂತ. ತುರ್ತು ವಿಭಾಗದಲ್ಲಿ ಡಾಕ್ಟರು ಕೇಳಿದಾಗ ಮಾತ್ರ ಸತ್ಯ ಹರಿಶ್ಚಂದ್ರನಾಗಿದ್ದೆ: ಹನ್ನೆರಡು ವರ್ಷದಿಂದ ಬಿಪಿ ಇದೆ. ಡಿಸ್ಚಾರ್ಜ್ ಪತ್ರದ ಮೊದಲ ಸಾಲೇ ಅದು. ಕಂಪನಿಯವರು ಆ ಸಾಲಿಗೆ ಗೆರೆ ಎಳೆದು ಕ್ಲೇಮು ವಾಪಸ್ ಕಳಿಸಿದರು. ಅವರದ್ದು ತಪ್ಪು ಅಂತ ಇವತ್ತಿಗೂ ನನಗೆ ಹೇಳಲಾಗುವುದಿಲ್ಲ. ಹೊಸನಗರದ ಹುಡುಗನೂ ಅದನ್ನೇ ಕೇಳಿದ, ಅಮ್ಮನ ಶುಗರ್ ಬರೆದರೆ ಪ್ರೀಮಿಯಂ ಏರುತ್ತಲ್ಲ ಅಂತ. ಏರಲಿ, ಬರಿ ಮಾರಾಯ ಅಂದೆ.

ಬಿಲ್ಲು ಬಂತೆಂದು ಊರಿಗೆ ವಿಮಾನ ಹತ್ತಿಸಿ ಸುಮ್ಮನಾಗಬೇಡಿ. 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಬಾಕಿ ಎರಡು ತಿಂಗಳು ಹಾಗೇ ಉಳಿದರೆ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ಸುದ್ದಿ ಹೋಗುತ್ತದೆ. ಸಾಲ ಇರುವುದು ಅಪ್ಪನ ಹೆಸರಲ್ಲಿ, ಮೊಮ್ಮಗುವಿನ ನಾಮಕರಣಕ್ಕೆ ಬರಲು ವೀಸಾ ಕೇಳಿದಾಗ ಅದೇ ಅಡ್ಡ ಬರುತ್ತದೆ. ನಾನು ಕಂತು ಮಾಡಿಸಿಕೊಂಡು ತೀರಿಸಿದೆ. ಹಾಗೆಂದು ಬಿಲ್ಲಿನ ಭಯಕ್ಕೆ ಎದೆನೋವು ಮುಚ್ಚಿಡುವುದೂ ಬೇಡ. ತುರ್ತಾಗಿ ಬೇಕಾದ ಚಿಕಿತ್ಸೆಯನ್ನು ದುಡ್ಡಿಗಾಗಿ ತಡೆಯುವ ಹಾಗಿಲ್ಲ. ಕಾಯಬಹುದಾದ ಮಂಡಿ ಆಪರೇಷನ್ನಿನಂಥದ್ದಕ್ಕೆ ಮಾತ್ರ ಮೊದಲೇ ದುಡ್ಡು ಕಟ್ಟಬೇಕು. ಅದನ್ನು ಊರಲ್ಲೇ ಮುಗಿಸಿ ಬನ್ನಿ.

ಯಾವ ಊರಿನ ವ್ಯವಸ್ಥೆ ಮೇಲು ಅಂತ ಅಪ್ಪಯ್ಯನಿಗೂ ನನಗೂ ಈಗಲೂ ಜಗಳ. ದುರ್ಗಿಗುಡಿಯಲ್ಲಿ ಸಂಜೆ ಹೋದರೆ ಸಂಜೆಯೇ ಡಾಕ್ಟರು ಸಿಗುತ್ತಾರೆ, ಇಲ್ಲಿ ಜಿಪಿಗೆ ಬೆಳಗ್ಗೆ ಎಂಟಕ್ಕೆ ಫೋನು ಹಿಡಿದು ಕೂರಬೇಕು ಅನ್ನುವುದು ಅವರ ವಾದ, ನಿಜವೇ. ಆದರೆ ನಮ್ಮ ಪಕ್ಕದ ಮನೆಯ ಒಂಟಿ ಅಜ್ಜಿಯ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಲು ಡಿಸ್ಟ್ರಿಕ್ಟ್ ನರ್ಸ್ ಮನೆಗೇ ಬರುತ್ತಾರೆ, ಪುಕ್ಕಟೆ. ತೋಟದ ನಡುವಿನ ನಮ್ಮ ಒಂಟಿಮನೆಗೆ ಮಳೆಗಾಲದಲ್ಲಿ ಯಾರು ಬರುತ್ತಾರೆ?

ಇಲ್ಲಿನ ಡಾಕ್ಟರಿಗೆ ತೋರಿಸಲು ಅಪ್ಪ ಅಮ್ಮನ ಔಷಧಿಯ ಹೆಸರು ಬರೆದುಕೊಳ್ಳುವಾಗ ಸ್ಟ್ರಿಪ್ಪಿನ ಮೇಲಿನ ಕಂಪನಿ ಹೆಸರು ಬೇಡ, ಕೆಳಗೆ ಸಣ್ಣಕ್ಷರದಲ್ಲಿರುವ ಮೂಲ ಔಷಧಿಯ ಹೆಸರು ಬರೆಯಿರಿ. ಇನ್ನೊಂದು, ಡಿಸೆಂಬರಿನಿಂದ ಮೇ ಒಳಗೆ ಕಾಡಂಚಿನ ಮನೆಯಿಂದ ಬಂದ ಹಿರಿಯರಿಗೆ ಇಳಿದ ವಾರದಲ್ಲೇ ಜೋರು ಜ್ವರ ಬಂದರೆ ಮಂಗನ ಕಾಯಿಲೆಯ ವಿಷಯ ನೀವೇ ಬಾಯಿಬಿಟ್ಟು ಹೇಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ, ಇಲ್ಲಿನ ಜಿಪಿಗೆ ಎಲ್ಲಿಂದ ಹೊಳೆಯಬೇಕು? ಅಮ್ಮನಿಗೆ ಜ್ವರ ಬಂದಾಗ ನಾನು ಊರಿನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಜಿಪಿ ಬರೆದುಕೊಂಡು, ಓದಿ ತೋರಿಸಿ, ಸರಿಯಾ ಅಂತ ಎರಡು ಸಲ ಕೇಳಿದರು.