ಮಧ್ಯಾಹ್ನ ಮಾತ್ರ ಕಾರು ಚಾರ್ಜ್ ಆಗುತ್ತಿರಲಿಲ್ಲ

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ರಾತ್ರಿ ಕಾರು ಚಾರ್ಜ್ ಆಗುತ್ತಿತ್ತು. ಬಿಸಿಲೇರಿದ ಮೇಲೆ ಪ್ಲಗ್ ಹಾಕಿದರೆ ಚಾರ್ಜರ್‌ನಲ್ಲಿ ಕೆಂಪು ದೀಪ. ಸಾಕೆಟ್, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಎರಡೂ ಬದಲಿಸಿದೆ. ಅರ್ಥಿಂಗ್ ಗುಂಡಿಗೆ ಕೊಡಗಟ್ಟಲೆ ನೀರು ಸುರಿದೆ. ಸುಮ್ನೆ ದುಡ್ಡು ಹೋಯ್ತು.

ಕೊನೆಗೆ ಮಧ್ಯಾಹ್ನ 12ಕ್ಕೆ ಸಾಕೆಟ್‌ಗೆ ಮೀಟರ್ ಹಿಡಿದರೆ 258 ವೋಲ್ಟ್! ವೋಲ್ಟೇಜ್ ಇಷ್ಟು ಏರಿದ್ದಕ್ಕೇ ಚಾರ್ಜರ್ ನಿಲ್ಲುತ್ತಿತ್ತು. ಸೋಲಾರ್ ಆಫ್ ಮಾಡಿದರೆ 248. ಅಂದರೆ ಸೋಲಾರ್ ಕರೆಂಟ್ ಮನೆಯಿಂದ ಹೊರಗಿನ ಲೈನಿಗೆ ಹೋಗುವ ದಾರಿಯಲ್ಲೇ ಎಲ್ಲೋ ತಡೆ ಇದೆ, ಅಲ್ವಾ? ಎಲೆಕ್ಟ್ರಿಷಿಯನ್ ಮೊದಲು ಇನ್ವರ್ಟರ್, ಆಮೇಲೆ ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರು. ನ್ಯೂಟ್ರಲ್ ಸ್ಕ್ರೂ ಸಡಿಲಾಗಿ, ವೈರಿನ ತುದಿ ಕಪ್ಪಗೆ ಸುಟ್ಟಿತ್ತು. ಸುಟ್ಟಷ್ಟನ್ನು ಕತ್ತರಿಸಿ, ಹೊಸ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಒತ್ತಿ, ಬಿಗಿ ಮಾಡಿದರು. ಈಗ ಮಧ್ಯಾಹ್ನವೂ 249.

ಸೋಲಾರ್‌ನಲ್ಲೇ ಚಾರ್ಜ್ ಆಗಲಿ ಅಂತ ಕಾರಿನ ಸೆಟ್ಟಿಂಗ್: 10 ಆಂಪ್, ಬೆಳಿಗ್ಗೆ 10:30ರಿಂದ ಮಧ್ಯಾಹ್ನ 2:30. ಮೋಡವಿದ್ದ ದಿನ 6 ಆಂಪ್.