ಶೇ. 28 ಎ2 ಇರೋಕೆ ಸಾಧ್ಯನಾ?

ಎಚ್‌ಪಿಎಲ್‌ಸಿ ಮಿಷನ್ ಮುಂದೆ ಕೂತು ಒಂಬತ್ತು ವರ್ಷವಾಯಿತು. ರಕ್ತದಲ್ಲಿ ಯಾವ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಬಿಡಿಸಿ ತೋರಿಸುವ ಮಿಷನ್ ಅದು. ಈ ಕೆಲಸ ನಾನು ಕಲಿತದ್ದು ಮೊದಲ ವರ್ಷ ಮಾಡಿದ ಒಂದು ತಪ್ಪಿನಿಂದ, ಅದನ್ನೇ ಮೊದಲು ಹೇಳುತ್ತೇನೆ.

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿದ್ದೆ. ಮೂರು ತಿಂಗಳ ಗರ್ಭಿಣಿಯ ಸ್ಯಾಂಪಲ್ ಬಂತು, ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ. ರನ್ ಮಾಡಿದೆ. ಗ್ರಾಫ್‌ನಲ್ಲಿ ಎ2 (ಎಲ್ಲರಲ್ಲೂ ಚೂರು ಇರುವ ಒಂದು ಬಗೆಯ ಹಿಮೋಗ್ಲೋಬಿನ್) ಜಾಗದಲ್ಲಿ ದೊಡ್ಡ ಪೀಕ್, ಶೇ. 28. ಎ2 ಜಾಸ್ತಿ ಇದ್ದರೆ ಬೀಟಾ ಥಲಸ್ಸೇಮಿಯಾ ಕ್ಯಾರಿಯರ್, ಅಂದರೆ ತಮಗೆ ರೋಗವಿಲ್ಲದಿದ್ದರೂ ಆ ರಕ್ತದ ಕಾಯಿಲೆಯನ್ನು ಮಕ್ಕಳಿಗೆ ದಾಟಿಸಬಲ್ಲವರು ಅಂತ ಓದಿದ್ದು ನೆನಪಿತ್ತು, ಹಾಗೇ ಬರೆದು ಸಹಿಗೆ ಕಳಿಸಿದೆ.

ಪ್ಯಾಥಾಲಜಿಸ್ಟ್ ಮೇಡಂ ಕರೆದರು. ಬೈಯಲಿಲ್ಲ. "ಎ2 ಇಷ್ಟೊಂದು ಇರೋಕೆ ಸಾಧ್ಯನಾ? ಇವರು ಯಾವ ಊರಿನವರು ಅಂತ ಕೇಳಿದ್ರಾ?" ಅಂದರು. ನಾನು ಕೇಳಿರಲಿಲ್ಲ. ನಮ್ಮ ಫಾರ್ಮ್‌ನಲ್ಲಿ ಊರು ಬರೆಯುವ ಜಾಗವೇ ಇರಲಿಲ್ಲ.

ಅವರು ಅಸ್ಸಾಮಿನವರು. ಗಂಡ ಇಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದರು.

ಇದು ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ಹಿಮೋಗ್ಲೋಬಿನ್ ಒಳಗೆ ಸ್ವಲ್ಪ ಇಣುಕಬೇಕು. ಒಂದು ಹಿಮೋಗ್ಲೋಬಿನ್ ಅಂದರೆ ನಾಲ್ಕು ಸರಪಳಿ ಒಟ್ಟಿಗೆ ಮಡಚಿಕೊಂಡಿರುವುದು. ದೊಡ್ಡವರಲ್ಲಿ ಎರಡು ಆಲ್ಫಾ, ಎರಡು ಬೀಟಾ. ಪ್ರತಿ ಸರಪಳಿಯಲ್ಲೂ ಒಂದೊಂದು ಹೀಮ್, ಹೀಮ್ ನಡುವೆ ಒಂದೊಂದು ಕಬ್ಬಿಣದ ಪರಮಾಣು, ಅದಕ್ಕೆ ಆಮ್ಲಜನಕ ಅಂಟಿಕೊಳ್ಳುತ್ತದೆ. ಒಂದು ಜಾಗಕ್ಕೆ ಆಮ್ಲಜನಕ ಸೇರಿದ ಕೂಡಲೇ ಉಳಿದವೂ ಸುಲಭವಾಗಿ ಹಿಡಿಯುತ್ತವೆ, ಹಾಗಾಗಿ ಶ್ವಾಸಕೋಶದಲ್ಲಿ ಬೇಗ ತುಂಬಿಕೊಂಡು, ದುಡಿಯುತ್ತಿರುವ ಸ್ನಾಯುವಿನ ಹತ್ತಿರ ಹೋದಾಗ ಬೇಗ ಬಿಟ್ಟುಕೊಡುತ್ತದೆ. ಇದು ಮಾಮೂಲಿ ಎ ಹಿಮೋಗ್ಲೋಬಿನ್. ಇದರ ಜೊತೆಗೆ ಎಲ್ಲರಲ್ಲೂ ಶೇ. 2ರಿಂದ 3ರಷ್ಟು ಎ2 ಇರುತ್ತದೆ. ಹುಟ್ಟಿದ ಮಗುವಿನಲ್ಲಿ ಎಫ್, ಅಂದರೆ ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಜಾಸ್ತಿ, ಮೊದಲ ವರ್ಷದಲ್ಲಿ ಇಳಿಯುತ್ತಾ ಹೋಗುತ್ತದೆ.

ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲಿನ್ ಬಂದರೆ ಎಸ್, ಅಂದರೆ ಸಿಕಲ್, ಕೆಂಪು ಕಣಗಳನ್ನು ಕುಡುಗೋಲಿನಂತೆ ಬಾಗಿಸುವ ಹಿಮೋಗ್ಲೋಬಿನ್. ಇಪ್ಪತ್ತಾರನೆಯ ಜಾಗದಲ್ಲಿ ಲೈಸಿನ್ ಬಂದರೆ ಇ. 121ನೆಯ ಜಾಗದಲ್ಲಿ ಗ್ಲುಟಾಮಿನ್ ಬಂದರೆ ಡಿ ಪಂಜಾಬ್. 146ರಲ್ಲಿ ಒಂದೇ ಒಂದು! 1949ರಲ್ಲಿ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಜೊತೆಗಾರರು ಸಿಕಲ್ ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಹರಿಸಿದಾಗ ಬೇರೆ ರೀತಿ ಓಡುತ್ತದೆ ಅಂತ ತೋರಿಸಿದ್ದು ಇದೇ ಕಾರಣಕ್ಕೆ. ಆ ಒಂದು ಬದಲಾವಣೆಯಿಂದ ವಿದ್ಯುದಂಶ ಬದಲಾಗುತ್ತದೆ.

ನಮ್ಮ ಮಿಷನ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಯಾವ ಹಿಮೋಗ್ಲೋಬಿನ್ ಎಷ್ಟು ನಿಮಿಷಕ್ಕೆ ಹೊರಗೆ ಬರುತ್ತದೆ ಅಂತ ನೋಡಿ ಹೆಸರು ಕೊಡುತ್ತದೆ. ಆದರೆ ಇ ಕೂಡ ಎ2 ಬರುವ ಹೊತ್ತಿಗೇ ಬರುತ್ತದೆ. ಮಿಷನ್ ಎರಡನ್ನೂ ಕೂಡಿಸಿ "ಎ2" ಅಂತಲೇ ಪ್ರಿಂಟ್ ಹಾಕುತ್ತದೆ. ಬೀಟಾ ಥಲಸ್ಸೇಮಿಯಾ ಕ್ಯಾರಿಯರ್‌ಗಳಲ್ಲಿ ಎ2 ಸಾಮಾನ್ಯವಾಗಿ ಶೇ. 4ರಿಂದ 7ರ ಆಸುಪಾಸು. ಹತ್ತು ದಾಟಿತು ಅಂದರೆ ಅದು ಬರೀ ಎ2 ಅಲ್ಲ, ಅಲ್ಲಿ ಇನ್ನೊಂದು ಕೂತಿದೆ. ಇ ಹಿಮೋಗ್ಲೋಬಿನ್ ಅಸ್ಸಾಂ, ಬಂಗಾಳ, ಈಶಾನ್ಯದ ಕಡೆ ತುಂಬಾ ಸಾಮಾನ್ಯ. ಊರು ಕೇಳಿದ್ದರೆ ಅಲ್ಲೇ ಹೊಳೆಯುತ್ತಿತ್ತು.

ಅಂದಿನಿಂದ ರನ್ ಮಾಡುವ ಮೊದಲೇ ನಾಲ್ಕು ಮಾತು ಕೇಳುತ್ತೇನೆ: ಊರು, ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದಾರಾ, ಕಬ್ಬಿಣದ ಮಾತ್ರೆ ತಿನ್ನುತ್ತಿದ್ದಾರಾ, ಮನೆಯಲ್ಲಿ ಬೇರೆ ಯಾರಿಗಾದರೂ ತೊಂದರೆ ಇದೆಯಾ. ರಕ್ತ ಹಾಕಿಸಿಕೊಂಡವರ ಗ್ರಾಫ್‌ನಲ್ಲಿ ಕೊಟ್ಟವರ ಹಿಮೋಗ್ಲೋಬಿನ್ನೂ ಸೇರಿರುತ್ತದೆ, ಅದನ್ನು ನಂಬಬಾರದು. ಕಬ್ಬಿಣದ ಕೊರತೆ ಇದ್ದರೆ ಎ2 ಕೆಳಗಿಳಿದು ಕ್ಯಾರಿಯರ್ ಆದವರೂ ನಾರ್ಮಲ್ ಥರ ಕಾಣಬಹುದು. ಅಂಥವರಿಗೆ ಕೊರತೆ ಸರಿಮಾಡಿಕೊಂಡು ಮತ್ತೆ ಬನ್ನಿ ಅನ್ನುತ್ತೇನೆ. ಗರ್ಭಿಣಿಯಾದರೆ ಕಾಯಲು ಸಮಯವಿಲ್ಲ, ಗಂಡನ ಸ್ಯಾಂಪಲ್ ತಕ್ಷಣ ತರಿಸುತ್ತೇವೆ.

ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟನ್ನೂ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಒಬ್ಬಳು ಕಾಲೇಜು ಹುಡುಗಿ ಮೂರು ವರ್ಷದಿಂದ ಬಿಟ್ಟು ಬಿಟ್ಟು ಕಬ್ಬಿಣದ ಮಾತ್ರೆ ನುಂಗುತ್ತಿದ್ದಳು, ಹಿಮೋಗ್ಲೋಬಿನ್ 10 ದಾಟುತ್ತಿರಲಿಲ್ಲ. ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ 64, ಆದರೆ ಕೆಂಪು ಕಣಗಳು 58 ಲಕ್ಷ! ಕಬ್ಬಿಣ ಕಡಿಮೆಯಾದರೆ ಸಾಮಾನ್ಯವಾಗಿ ಕಣಗಳ ಸಂಖ್ಯೆಯೂ ಇಳಿಯುತ್ತದೆ. ಇಲ್ಲಿ ಕಣಗಳು ಚಿಕ್ಕವು, ಆದರೆ ರಾಶಿ. 58 ಲಕ್ಷ ಅಂದರೆ 5.8 ಮಿಲಿಯನ್, 64ನ್ನು 5.8ರಿಂದ ಭಾಗಿಸಿದರೆ 11. ಹದಿಮೂರಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ಕ್ಯಾರಿಯರ್ ಇರಬಹುದು ಅಂತ ಅನುಮಾನಿಸಬೇಕು. ಎ2 5.4 ಬಂತು. ಅವಳ ರಕ್ತದಲ್ಲಿ ಕಬ್ಬಿಣ ಸಾಕಷ್ಟೇ ಇತ್ತು. ಸುಮ್ನೆ ಮಾತ್ರೆ ನುಂಗಿಸಿದ್ದೇ ಆಯಿತು, ಯಾರೂ ಒಂದು ಸಲ ಕಣಗಳ ಸಂಖ್ಯೆ ನೋಡಿರಲಿಲ್ಲ. ಇದು ಇವತ್ತಿಗೂ ನನಗೆ ಬೇಸರ ತರಿಸುತ್ತದೆ.

ಆಮೇಲೆ ಎಚ್.ಡಿ. ಕೋಟೆ ಕಡೆ ಹಾಡಿಗಳಲ್ಲಿ (ಆದಿವಾಸಿಗಳ ಊರುಗಳಲ್ಲಿ) ಸಿಕಲ್ ಸೆಲ್ ಶಿಬಿರಗಳಿಗೆ ಹೋದೆ. ಅಲ್ಲಿ ಮಿಷನ್ ಇಲ್ಲ, ಸಾಲ್ಯುಬಿಲಿಟಿ ಟೆಸ್ಟ್. ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಹಾಕಿ ಐದು ನಿಮಿಷ ಬಿಟ್ಟು, ಟ್ಯೂಬ್ ಹಿಂದೆ ಗೆರೆ ಹಾಕಿದ ಹಾಳೆ ಹಿಡಿಯುವುದು. ಗೆರೆ ಕಾಣದಷ್ಟು ಮಂಕಾದರೆ ಎಸ್ ಇದೆ. ಆದರೆ ಕ್ಯಾರಿಯರ್ ಯಾರು, ರೋಗ ಯಾರಿಗೆ ಅಂತ ಈ ಟೆಸ್ಟ್ ಹೇಳುವುದಿಲ್ಲ, ಅದಕ್ಕೆ ಎಚ್‌ಪಿಎಲ್‌ಸಿ ಬೇಕೇ ಬೇಕು. ಹಿಮೋಗ್ಲೋಬಿನ್ ಏಳಕ್ಕಿಂತ ಕಡಿಮೆ ಇದ್ದರೆ ರಕ್ತ ಎರಡರಷ್ಟು ಹಾಕಿ, ಇಲ್ಲದಿದ್ದರೆ ಇರುವ ಎಸ್ ಕೂಡ ತಪ್ಪಿಹೋಗಬಹುದು. ಆರು ತಿಂಗಳೊಳಗಿನ ಕೂಸಿನಲ್ಲಿ ಎಫ್ ಇನ್ನೂ ಜಾಸ್ತಿ ಇರುತ್ತದೆ, ಅದಕ್ಕೆ ಈ ಟೆಸ್ಟ್ ಮಾಡಿ ಧೈರ್ಯ ಹೇಳಬೇಡಿ.

ಒಂದು ಹಾಡಿಯಲ್ಲಿ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದುಕೊಂಡು, "ಇದು ಅಂಟ್ಕೊಳ್ತದಾ ಅಕ್ಕ?" ಅಂತ ಕೇಳಿದರು. ಅಂಟುವುದಿಲ್ಲ ಅಜ್ಜಿ ಅಂದೆ. ಅಪ್ಪನಿಂದ ಒಂದು ಬೀಜ, ಅಮ್ಮನಿಂದ ಒಂದು ಬೀಜ, ಎರಡೂ ಸಿಕಲ್ ಆದರೆ ಮಾತ್ರ ರೋಗ. ಒಂದೇ ಆದರೆ ಆರಾಮಾಗಿ ದುಡಿದು ಬದುಕಬಹುದು, ಅಷ್ಟೇ ಅಲ್ಲ, ಅಂಥವರಿಗೆ ಮಲೇರಿಯಾ ಜೀವಕ್ಕೆ ಎರವಾಗುವಷ್ಟು ಜೋರಾಗುವುದು ಕಡಿಮೆ, ಅದಕ್ಕೇ ಈ ಬೀಜ ತಲೆತಲಾಂತರದಿಂದ ಉಳಿದುಬಂದಿದೆ ಅಂದೆ. ಅವರು ಹುಡುಗನ ತಲೆ ಸವರಿದರು.

ಅಸ್ಸಾಮಿನ ಆ ಹೆಣ್ಣುಮಗಳ ಗಂಡನ ಸ್ಯಾಂಪಲ್ ಮರುದಿನವೇ ಬಂತು. ಅವರಿಗೂ ಇ, ಶೇ. 27. ಗಂಡ ಹೆಂಡತಿ ಇಬ್ಬರೂ ಇ ಆದರೆ ಮಗುವಿಗೆ ಎರಡೂ ಇ ಬಂದರೂ ಸಾಮಾನ್ಯವಾಗಿ ಸಣ್ಣ ಪ್ರಮಾಣದ ರಕ್ತಹೀನತೆ, ಅಷ್ಟೇ. ಆದರೆ ನಾನು ಮೊದಲು ಬರೆದ ಪ್ರಕಾರ ಹೆಂಡತಿ ಬೀಟಾ, ಗಂಡ ಇ ಆಗಿದ್ದರೆ, ನಾಲ್ಕರಲ್ಲಿ ಒಂದು ಪಾಲು ಇ-ಬೀಟಾ ಥಲಸ್ಸೇಮಿಯಾ ಸಾಧ್ಯತೆ, ಅಂದರೆ ಮಗುವಿಗೆ ಪದೇ ಪದೇ ರಕ್ತ ಹಾಕಿಸಬೇಕಾಗಬಹುದು ಅಂತ ಅವರಿಗೆ ಹೇಳಬೇಕಾಗುತ್ತಿತ್ತು, ಗರ್ಭದೊಳಗಿನ ಕೂಸಿನ ಪರೀಕ್ಷೆಗೆ ಸೂಜಿ ಚುಚ್ಚಿಸಬೇಕಾಗುತ್ತಿತ್ತು. ಮೇಡಂ ಇಬ್ಬರ ರಿಪೋರ್ಟನ್ನೂ ನನ್ನ ಕೈಯಲ್ಲೇ ಮತ್ತೆ ಟೈಪ್ ಮಾಡಿಸಿದರು. ಆ ವಾರವೇ ಫಾರ್ಮ್‌ನಲ್ಲಿ ವಯಸ್ಸಿನ ಕೆಳಗೆ ಒಂದು ಸಾಲು ಸೇರಿಸಿದೆವು: ಹುಟ್ಟೂರು.