‘ಹೋಗಲಿ ಬಿಡು’ ಅಂದರೂ ಹೋಗದ ನೋವನ್ನು ಇಳಿಸುವುದು ಹೇಗೆ

ರಾತ್ರಿ ಊಟಕ್ಕೆ ಕೂತಾಗ ಅಕ್ಕ ‘ಸಾರಿಗೆ ಉಪ್ಪು ಸ್ವಲ್ಪ ಕಮ್ಮಿಯಾಯ್ತು ಕಣೇ’ ಅನ್ನುತ್ತಾಳೆ. ಉಪ್ಪಿನ ಡಬ್ಬಿ ಮುಂದಿಟ್ಟರೆ ಮುಗಿಯುವ ಮಾತು. ಆದರೆ ನಿಮ್ಮ ಗಂಟಲು ಬಿಗಿಯುತ್ತದೆ, ತುತ್ತು ಇಳಿಯುವುದಿಲ್ಲ, ರಾತ್ರಿ ಒಂದು ಗಂಟೆಯಾದರೂ ನಿದ್ದೆ ಹತ್ತುವುದಿಲ್ಲ. ಮಾತಿಗೂ ನೋವಿಗೂ ಅಳತೆ ತಾಳೆಯಾಗದ ಇಂಥ ಕಡೆಯಲ್ಲೇ ಹಳೆಯ ಭಾರವನ್ನು ಹುಡುಕಬೇಕು. ನಿಮ್ಮ ಹದಿನೈದನೇ ವಯಸ್ಸಿನಲ್ಲಿ ಅವಳು ನೆಂಟರ ಮುಂದೆ ‘ಇವಳ ಕೈಲಿ ಏನಾಗುತ್ತೆ’ ಅಂತ ನಕ್ಕಿದ್ದು ಇವತ್ತಿನ ಉಪ್ಪಿನ ಮಾತಿಗೆ ಬಂದು ಸೇರಿಕೊಂಡಿರಬಹುದು.

ಮೊದಲು ಒಂದು ವಾರ ಬರೀ ಗುರುತು ಹಾಕಿಕೊಳ್ಳಿ, ಏನನ್ನೂ ಸರಿಮಾಡಲು ಹೋಗಬೇಡಿ. ಸಣ್ಣ ನೋಟ್‌ಬುಕ್ಕಿನಲ್ಲಿ, ಮನಸ್ಸು ಕೆಟ್ಟ ಪ್ರತಿ ಸಲವೂ ನಾಲ್ಕು ವಿಷಯ: ಏನು ನಡೆಯಿತು, ಮೈಯಲ್ಲಿ ಎಲ್ಲಿ ಹಿಡಿದುಕೊಂಡಿತು (ಎದೆ, ದವಡೆ, ಹೊಟ್ಟೆ, ಹೆಗಲು), ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಎಷ್ಟು ಹೊತ್ತು ಉಳಿಯಿತು. ಒಂದೊಂದಕ್ಕೆ ಒಂದೇ ಸಾಲು ಸಾಕು. ವಾರದ ಕೊನೆಗೆ ಓದಿದರೆ ಒಂದೇ ಎಳೆ ಮತ್ತೆ ಮತ್ತೆ ಕಾಣುತ್ತದೆ: ಒಬ್ಬರದೇ ಹೆಸರು, ಇಲ್ಲವೇ ‘ನನ್ನನ್ನು ಯಾರೂ ಲೆಕ್ಕಕ್ಕೇ ಇಡಲ್ಲ’ ಅನ್ನುವಂಥ ಒಂದೇ ಮಾತು. ಹೆಸರಿಗಿಂತ ಆ ಮಾತು ಮುಖ್ಯ. ಘಟನೆ ಯಾವತ್ತೋ ಮುಗಿದಿದೆ. ಅವತ್ತು ನಿಮ್ಮ ಬಗ್ಗೆ ನೀವೇ ಬರೆದುಕೊಂಡ ತೀರ್ಪು ಮುಗಿದಿಲ್ಲ. ಇಳಿಸಬೇಕಾದದ್ದು ಅದನ್ನು.

ಕೆಲಸಕ್ಕೆ ಎತ್ತಿಕೊಳ್ಳುವಾಗ ಹತ್ತಕ್ಕೆ ನಾಲ್ಕರಿಂದ ಆರರಷ್ಟು ತೂಗುವ ನೋವನ್ನು ಆರಿಸಿ. ಒಂಬತ್ತು–ಹತ್ತರದ್ದನ್ನು, ಅಂದರೆ ಸಾವು, ದೌರ್ಜನ್ಯ, ಅಪಘಾತದಂಥವನ್ನು ಒಬ್ಬರೇ ಕೆದಕಬೇಡಿ.

ಇನ್ನು ಬರೆಯುವ ಕ್ರಮ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಹೆಚ್ಚು ಪ್ರಯೋಜನ ಕಂಡದ್ದು ನಡೆದದ್ದನ್ನೂ ಅನಿಸಿದ್ದನ್ನೂ ಒಟ್ಟಿಗೆ ಬರೆದವರಲ್ಲಿ: ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದ ತಕ್ಷಣ ಮಾತ್ರ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಇದು ಗೊತ್ತಿಲ್ಲದೆ ಎಷ್ಟೋ ಜನ ಮೊದಲ ದಿನವೇ ‘ಇದು ನನಗಾಗಲ್ಲ’ ಅಂತ ಬಿಟ್ಟುಬಿಡುತ್ತಾರೆ. ಮಲಗುವ ಮುಂಚೆ ಬರೆಯಬೇಡಿ ಅನ್ನುವುದೂ ಇದಕ್ಕೇ. ಬರೆದಾದ ಮೇಲೆ ಅರ್ಧ ಗಂಟೆ ಬಿಡುವಿರುವ ಹೊತ್ತು ನೋಡಿಕೊಳ್ಳಿ. ಪಾತ್ರೆ ತೊಳೆಯಿರಿ, ಒಂದು ಸುತ್ತು ನಡೆದು ಬನ್ನಿ, ಫೋನ್ ಮುಟ್ಟಬೇಡಿ.

15 ನಿಮಿಷಕ್ಕೆ ಅಲಾರಂ ಇಟ್ಟು, ಕಾಗುಣಿತ ನೋಡದೆ, ಮನೆಯಲ್ಲಿ ಆಡುವ ಕನ್ನಡದಲ್ಲೇ ಬರೆಯಿರಿ. ಮೊದಲ ದಿನ ನಡೆದದ್ದು: ಯಾರು ಎಲ್ಲಿ ನಿಂತಿದ್ದರು, ಯಾವ ಪದ ಬಳಸಿದರು, ನಿಮ್ಮ ಕೈಯಲ್ಲಿ ಏನಿತ್ತು, ಒಳಗೆ ಏನಾಯಿತು. ಎರಡನೇ ದಿನ, ಅದಾದ ಮೇಲೆ ನೀವು ಏನು ಮಾಡತೊಡಗಿದಿರಿ, ಏನನ್ನು ಬಿಟ್ಟಿರಿ. ನೆಂಟರು ಬಂದರೆ ಅಡುಗೆಮನೆಯಿಂದ ಹೊರಗೇ ಬರದಿರುವುದು, ಯಾರಾದರೂ ಹೊಗಳಿದರೆ ನಂಬದಿರುವುದು ಇಲ್ಲಿ ಬರುತ್ತವೆ. ಮೂರನೇ ದಿನ ‘ನಾನು’ ಬಿಟ್ಟು ನಿಮ್ಮದೇ ಹೆಸರು ಹಾಕಿ, ಬೇರೆಯವರ ಕತೆ ಹೇಳುವ ಹಾಗೆ ಬರೆಯಿರಿ. ಕೈ ಸ್ವಲ್ಪ ತಡವರಿಸುತ್ತದೆ, ಆದರೆ ಹದಿನೈದರ ಆ ಹುಡುಗಿಯ ಮೇಲೆ ಮೊದಲ ಸಲ ಕನಿಕರ ಹುಟ್ಟುವುದು ಇಲ್ಲಿಯೇ. ನಾಲ್ಕನೇ ದಿನ ಆ ತೀರ್ಪನ್ನು ಒಂದು ಸಾಲಿನಲ್ಲಿ ಬರೆದು, ಅದರ ಕೆಳಗೆ ಅದಕ್ಕೆ ಹೊಂದದ ಮೂರು ನಿಜ ಸಂಗತಿಗಳನ್ನು ಬರೆಯಿರಿ.

ದಾರಿ ತಪ್ಪುವುದು ಸಾಮಾನ್ಯವಾಗಿ ಮೂರನೇ ದಿನ. ಮೊದಲ ದಿನದ ಪುಟದಲ್ಲಿದ್ದ ಅದೇ ಬೈಗುಳ, ಅದೇ ಕ್ರಮ ಮತ್ತೆ ಬಂದಿದ್ದರೆ ನೀವು ಗಾಯವನ್ನು ಕೆರೆಯುತ್ತಿದ್ದೀರಿ. ‘ಅವಳು ಯಾಕೆ ಹಾಗೆ ಮಾಡಿದಳು’ ಅನ್ನುವ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರವಿಲ್ಲ, ಹಾಗಾಗಿ ಅದು ಸುತ್ತುತ್ತಲೇ ಇರುತ್ತದೆ. ಬದಲಿಗೆ ‘ಆಗ ನನಗೆ ಏನು ಬೇಕಿತ್ತು’ ಅಂತ ಕೇಳಿಕೊಳ್ಳಿ. ದಿನ ಕಳೆದಂತೆ ‘ಯಾಕೆಂದರೆ’, ‘ಈಗ ಗೊತ್ತಾಗುತ್ತಿದೆ’ ಎಂಬ ಮಾತುಗಳು ಹೆಚ್ಚುತ್ತಿದ್ದರೆ ಕೆಲಸ ಸಾಗುತ್ತಿದೆ. ಬರೆಯುವಾಗ ತಡೆಯಲಾರದಷ್ಟು ಆದರೆ ಪೆನ್ನು ಕೆಳಗಿಡಿ, ವಿಷಯ ಬದಲಿಸಿ. ಹಟ ಹಿಡಿದು ಮುಂದುವರಿಸುವುದರಿಂದ ಲಾಭವಿಲ್ಲ. ನಾಲ್ಕು ದಿನದ ನಂತರ ನಿಲ್ಲಿಸಿ.

ದಿಂಬಿಗೆ ಗುದ್ದಿ ಸಿಟ್ಟು ಹೊರಹಾಕಿ ಅನ್ನುವ ಸಲಹೆ ಬಹಳ ಕಡೆ ಸಿಗುತ್ತದೆ. ಅದನ್ನು ನಾವು ಹೇಳುವುದಿಲ್ಲ. ಸಿಟ್ಟು ತರಿಸಿದವರನ್ನೇ ನೆನೆಯುತ್ತ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು ಸುಮ್ಮನೆ ಕೂತವರಿಗಿಂತ ಹೆಚ್ಚಾದದ್ದನ್ನು ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ತೋರಿಸಿದ್ದಾರೆ.

ಬರೆದದ್ದನ್ನು ಆ ವ್ಯಕ್ತಿಗೆ ಕಳಿಸಬೇಡಿ. ಮಾತಾಡಲೇಬೇಕು ಅನಿಸಿದರೆ ಒಂದು ವಾರ ಬಿಟ್ಟು, ಇಬ್ಬರೇ ಇರುವಾಗ, ಎರಡೇ ವಾಕ್ಯ: ‘ಅಕ್ಕಾ, ಅವತ್ತು ಎಲ್ಲರ ಮುಂದೆ ಹಾಗಂದಿದ್ದು ನನಗೆ ಇವತ್ತಿಗೂ ನೋವಾಗುತ್ತೆ. ಇನ್ನುಮೇಲೆ ಏನಿದ್ರೂ ನನ್ನೊಬ್ಬಳಿಗೇ ಹೇಳು.’ ಅವಳಿಗೆ ಆ ದಿನ ನೆನಪೇ ಇಲ್ಲದಿರಬಹುದು. ಅದಕ್ಕೂ ಮನಸ್ಸನ್ನು ಗಟ್ಟಿ ಮಾಡಿಕೊಂಡು ಹೋಗಿ. ಹಬ್ಬದ ಊಟದ ಹೊತ್ತಲ್ಲಿ, ಮನೆಯವರ ವಾಟ್ಸ್‌ಆಪ್ ಗುಂಪಿನಲ್ಲಿ ಖಂಡಿತ ಬೇಡ.

ಮನೆಯಲ್ಲಿ ‘ದೊಡ್ಡವರು, ಹೋಗಲಿ ಬಿಡು’ ಅನ್ನುತ್ತಾರೆ. ಆದರೆ ಭಾರ ಇಳಿಸಬೇಕಾದರೆ ಅವರ ಜೊತೆ ಮತ್ತೆ ಒಡನಾಟ ಬೆಳೆಸಲೇಬೇಕು ಅಂತೇನಿಲ್ಲ. ದೂರ ಇದ್ದುಕೊಂಡೇ ಹಗುರಾಗಬಹುದು. ಹೊಡೆತ, ಬೆದರಿಕೆ ಈಗಲೂ ನಡೆಯುತ್ತಿದ್ದರೆ ಅದು ಹಳೆಯ ಭಾರವಲ್ಲ, ಇವತ್ತಿನ ಅಪಾಯ. ಅಲ್ಲಿ ನೋಟ್‌ಬುಕ್ಕಿಗಿಂತ ಮೊದಲು ರಕ್ಷಣೆ ಬೇಕು. ಮಹಿಳೆಯರಿಗೆ 181 ಸಹಾಯವಾಣಿ ಇದೆ. ನಿದ್ದೆ, ಊಟ ಎರಡು ವಾರ ಕೆಟ್ಟರೆ ಅಥವಾ ಬದುಕೇ ಬೇಡ ಅನಿಸಿದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಫಲ ನೋಡಬೇಕಾದದ್ದು ಮರುದಿನವಲ್ಲ, ತಿಂಗಳ ನಂತರ. ಅದೇ ಹೆಸರು ಫೋನಿನ ಪರದೆಯ ಮೇಲೆ ಬಂದಾಗ ಹೆಗಲು ಎಷ್ಟು ಬಿಗಿಯಿತು, ಎಷ್ಟು ಹೊತ್ತಿಗೆ ಸಡಿಲಾಯಿತು ಅಂತ ಹಳೆಯ ಪುಟದ ಪಕ್ಕದಲ್ಲೇ ಬರೆದಿಡಿ. ಆರು ಇದ್ದದ್ದು ಮೂರಕ್ಕೆ ಬಂದಿದ್ದರೆ ಮುಂದಿನ ನೋವನ್ನು ಎತ್ತಿಕೊಳ್ಳಬಹುದು.